ಕಾಲರಿನಲ್ಲಿ ಕೂತದ್ದು

ನಮ್ಮೂರಿನಲ್ಲಿ ಬಟ್ಟೆ ಹೊಲಿದವರ ಮನಸ್ಸು ಬಟ್ಟೆಯಲ್ಲೇ ಉಳಿದುಬಿಡುತ್ತದೆ. ತೊಳೆದರೆ ಹೋಗುವುದಿಲ್ಲ, ಇಸ್ತ್ರಿಗೂ ಬಗ್ಗುವುದಿಲ್ಲ. ಟೈಲರು ಸಿಟ್ಟಿನಲ್ಲಿದ್ದಾಗ ಹೊಲಿದ ಅಂಗಿ ತೊಟ್ಟು ಸಂತೆಗೆ ಹೋದವನು ಯಾರ ಜೊತೆಗಾದರೂ ಕೈ ಮಿಲಾಯಿಸಿಯೇ ವಾಪಸು ಬರುತ್ತಾನೆ. ನಗುನಗುತ್ತ ಹೊಲಿದ ಲಂಗ ಉಟ್ಟ ಹುಡುಗಿಗೆ ಸಾವಿನ ಮನೆಯಲ್ಲೂ ನಗು ಉಕ್ಕುತ್ತದೆ. ಪಾಪ, ಅವಳಾದರೂ ಏನು ಮಾಡಿಯಾಳು?

ನನ್ನ ಅಪ್ಪ ಪುಂಡಲೀಕಪ್ಪ ಈ ಊರಿನ ಟೈಲರು. ಹಾಗಾಗಿ ಅಪ್ಪನ ಮನಸ್ಸು ಇಡೀ ಊರಿನ ಆಸ್ತಿಯಾಗಿತ್ತು. ಅಳತೆ ಕೊಡಲು ಬರುವವರು ಜೊತೆಗೆ ಒಂದು ಒಳ್ಳೆಯ ಸುದ್ದಿ ತರಬೇಕು, ಅದು ಇಲ್ಲಿನ ಪದ್ಧತಿ. ಸುದ್ದಿ ಇಲ್ಲದವರು ನಮ್ಮ ಅಂಗಳದ ದಾಸವಾಳವನ್ನಾದರೂ ಹೊಗಳಿ ಒಳಗೆ ಬರುತ್ತಿದ್ದರು. ಮದುವೆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ, ಹೆಣ ಹೊತ್ತವರು ಕೆರೆ ಬದಿಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅಪ್ಪನ ಸ್ವಂತ ತಾಯಿ ನನ್ನ ಸೋದರತ್ತೆಯ ಮನೆಯಲ್ಲಿ ತೀರಿಕೊಂಡಾಗಲೂ, ಅಪ್ಪ ಯಾರದೋ ಮದುಮಗನ ಕೋಟಿಗೆ ಕಡೆಯ ಗುಂಡಿ ಹಾಕುವವರೆಗೆ ಬೀದಿಯವರು ಕಾದು, ಆಮೇಲೆ ಅವರಿಗೆ ಸುದ್ದಿ ಹೇಳಿದರು. ಕೋಟಿನ ಮನೆಯವರೇ ಬಂದು ಬೀದಿಯವರಿಗೆ ಕೈ ಮುಗಿದು ಕೇಳಿಕೊಂಡಿದ್ದರಂತೆ. ಯಾರಿಗೂ ಅದು ತಪ್ಪೆನಿಸಲಿಲ್ಲ.

ಇದರ ಭಾರವೆಲ್ಲ ಬಿದ್ದದ್ದು ಅವ್ವನ ಮೇಲೆ. ಮದುವೆಯಾಗಿ ಬಂದಾಗಿನಿಂದ ಅವಳು ಗಂಡನ ಮೇಲೆ ಒಮ್ಮೆಯೂ ದನಿ ಎತ್ತುವಂತಿರಲಿಲ್ಲ. ಅವ್ವನದು ಹುಟ್ಟಾ ದೊಡ್ಡ ಗಂಟಲು. ಸಿಟ್ಟು ಬಂದರೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ನಮ್ಮ ಮನೆಯ ದುಪ್ಪಟಿಗಳು ಒಂದು ವರ್ಷದ ಮೇಲೆ ಬಾಳಿದ್ದೇ ಇಲ್ಲ.

ಹೀಗಿರುವಾಗ ಊರಾಚೆ ತಗಡಿನ ಚಾವಣಿ ಹಾಕಿ ಸಿದ್ಧ ಉಡುಪಿನ ಕಾರ್ಖಾನೆ ತೆರೆದರು. ಮೊದಲ ಅಂಗಿಗಳು ಪೇಟೆಗೆ ಬಂದಾಗ ಮುಟ್ಟಲು ಎಲ್ಲರಿಗೂ ಭಯ. ಯಾರ ಮನಸ್ಸೋ, ಎಂಥದೋ. ಕಡೆಗೆ ಹಾಲಿನ ಸೊಸೈಟಿಯ ನಂಜಪ್ಪನವರು ಧೈರ್ಯ ಮಾಡಿ ಒಂದನ್ನು ತೊಟ್ಟು ಪೇಟೆಯ ನಡುವೆ ನಿಂತರು. ಜನ ಸುತ್ತುಗಟ್ಟಿದರು.

"ಏನನ್ನಿಸ್ತದೆ ನಂಜಪ್ಪಾರೆ?"

ನಂಜಪ್ಪನವರು ಕಣ್ಣು ಮುಚ್ಚಿ ತಮ್ಮೊಳಗೇ ನೋಡಿಕೊಂಡರು. "ಏನೂ ಇಲ್ಲ ಕಣ್ರೋ! ಒಳಗೆ ಏನಂದ್ರೆ ಏನೂ ಇಲ್ಲ!"

ಅವತ್ತು ಅಂಗಡಿಯ ಅಂಗಿಗಳೆಲ್ಲ ಖಾಲಿಯಾದವು. ಕಾರ್ಖಾನೆಯಲ್ಲಿ ಒಬ್ಬಳು ತೋಳು ಹಚ್ಚುತ್ತಾಳೆ, ಇನ್ನೊಬ್ಬಳು ಜೇಬು, ಮತ್ತೊಬ್ಬಳು ಗುಂಡಿಯ ಕಾಜಾ. ಒಂದು ಅಂಗಿ ಅಷ್ಟೊಂದು ಕೈ ದಾಟಿ ಬರುವಾಗ ಯಾರ ಮನಸ್ಸೂ ಅದರಲ್ಲಿ ನಿಲ್ಲುವುದಿಲ್ಲ ಎಂದು ಜನ ಮಾತಾಡಿಕೊಂಡರು. ಖಾಲಿ ಅಂಗಿ ಎಂದೇ ಅದಕ್ಕೆ ಹೆಸರು ಬಿತ್ತು. ಇನ್ನು ಯಾರದೋ ಸಿಟ್ಟು ಸೆಡವು ಹೊತ್ತು ತಿರುಗಬೇಕಿಲ್ಲ, ಟೈಲರನ್ನು ಓಲೈಸಬೇಕಿಲ್ಲ. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಅವ್ವ. ಊರೆಲ್ಲ ಖಾಲಿ ಅಂಗಿಗೆ ಹೊರಳಿದ್ದು ಖಾತ್ರಿಯಾದ ದಿನ ಬೆಳಿಗ್ಗೆಯೇ ಶುರುಮಾಡಿದಳು ನೋಡಿ, ಮದುವೆಯ ದಿನದ ಊಟದಲ್ಲಿ ಅಪ್ಪ ಏನೋ ಅಂದಿದ್ದರಂತೆ, ಅಲ್ಲಿಂದ ಹಿಡಿದು ಒಂದೊಂದನ್ನೇ ಎತ್ತಿ ಬೈದಳು. ಬೀದಿಯವರು ಜಗಲಿಗೆ ಬಂದು ಕೂತು ಕೇಳಿದರು. ಅಪ್ಪ ಬಾಯಿಗೆ ಟೇಪು ಕಚ್ಚಿಕೊಂಡು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅವರಿಗೆ ಉಳಿದದ್ದು ಪರದೆ, ದಿಂಬಿನ ಗವಸು ಹೊಲಿಯುವ ಕೆಲಸ. ಕಾರ್ಖಾನೆಯ ಮ್ಯಾನೇಜರ್ ಮಾತ್ರ ತಮ್ಮ ಅಂಗಿಗಳನ್ನು ಅಪ್ಪನ ಹತ್ತಿರವೇ ಹೊಲಿಸುತ್ತಿದ್ದರು. ಬರುವಾಗ ಮರೆಯದೆ ಒಂದು ಒಳ್ಳೆಯ ಸುದ್ದಿ ತರುತ್ತಿದ್ದರು.

ನಾನು ಕಾರ್ಖಾನೆ ಸೇರಿದೆ. ಗಂಡ ಲಾರಿ ಓಡಿಸುತ್ತ ವರ್ಷದಲ್ಲಿ ಅರ್ಧದಷ್ಟು ದಿನ ದೂರದೂರುಗಳಲ್ಲೇ ಇರುತ್ತಾನೆ, ಹಾಗಾಗಿ ನಾನೂ ಮಗಳೂ ತವರಿನಲ್ಲೇ ಇದ್ದೆವು, ಮಗಳು ಚಂಪಾ ಎರಡನೇ ಕ್ಲಾಸು. ಟೈಲರನ ಮಗಳೆಂದು ನನಗೆ ಕಾಲರ್ ಕೂರಿಸುವ ಕೆಲಸ ಕೊಟ್ಟರು. ಅಂಗಿಯಲ್ಲಿ ಕಷ್ಟದ ಕೆಲಸ ಅದೇ, ಸ್ವಲ್ಪ ಜಂಬವೂ ನನಗಿತ್ತು. ನಮ್ಮ ಸಾಲಿಗೆಲ್ಲ ಒಂದೇ ಒಂದು ಹಳದಿ ಬಿಲ್ಲೆ. ಬಚ್ಚಲಿಗೆ ಹೋಗುವವರು ಸೂಪರ್‌ವೈಸರ್ ಚೆಲುವರಾಜುವಿನಿಂದ ಅದನ್ನು ಕೇಳಿ ಪಡೆದು ಹೋಗಬೇಕು, ವಾಪಸು ತಂದುಕೊಟ್ಟ ಮೇಲೆ ಮುಂದಿನವರು. ಚೆಲುವರಾಜು ಕೆಟ್ಟವನೇನಲ್ಲ. ಅವನ ಮೇಲೂ ಒಬ್ಬರು ನಿಂತು ಪೀಸು ಎಷ್ಟಾಯಿತು, ಪೀಸು ಎಷ್ಟಾಯಿತು ಎನ್ನುತ್ತಿದ್ದರು.

ಅವತ್ತು ನನಗೆ ಬೆಳಿಗ್ಗೆಯಿಂದಲೇ ಸರಿಯಿರಲಿಲ್ಲ. ಬಿಲ್ಲೆ ಕೇಳಿದೆ, ಹೊರಗೆ ಹೋಗಿದೆ ಎಂದ. ಬಂದಮೇಲೆ ಮತ್ತೆ ಕೇಳಿದೆ, ಅಷ್ಟರಲ್ಲಿ ಬೇರೆಯವಳ ಕೈ ಸೇರಿತ್ತು. ಮೂರನೆಯ ಸಲ ಎದ್ದು ನಿಂತು ಕೇಳಿದೆ.

"ಊಟದ್ ಹೊತ್ತು ಆಗ್ಲಿ ತಡ್ಕೋ ರುಕುಮಕ್ಕ," ಎಂದ ಎಲ್ಲರಿಗೂ ಕೇಳುವಂತೆ. "ಕಾಲರ್ ನಿಂತ್ರೆ ಲೈನೇ ನಿಂತೋಯ್ತದೆ. ಸಣ್ ಮಕ್ಳಾ ನೀವೆಲ್ಲ?"

ಅಲ್ಲಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ನಕ್ಕು ಕೂತೆ. ಸ್ವಲ್ಪ ಹೊತ್ತಿಗೆ, ಮೂವತ್ತು ದಾಟಿದ ಹೆಂಗಸು, ಒಂದು ಮಗುವಿನ ತಾಯಿ, ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡೆ.

ಪಕ್ಕದ ಮಿಷನ್ನಿನ ಪುಟ್ಟಗೌರಿ ನೋಡಿದಳು. ತನ್ನ ಕುಡಿಯುವ ನೀರಿನ ಬಾಟಲಿಯನ್ನು ನನ್ನ ಕಾಲ ಬಳಿ ಉರುಳಿಸಿ, "ಅಯ್ಯೋ, ನೀರ್ ಚೆಲ್ಲೋಯ್ತಲ್ಲಾ," ಎಂದು ಕೂಗಿಕೊಂಡಳು. ಮಿಷನ್ ನಿಲ್ಲಿಸಲಿಲ್ಲ ನಾನು. ಸಂಜೆಯವರೆಗೂ ಅದೇ ಸೀರೆಯಲ್ಲಿ ಕೂತು ಕಾಲರ್ ಹಚ್ಚಿದೆ. ಮರುದಿನದಿಂದ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟೆ. ಆದರೂ ಆ ಕುರ್ಚಿಯಲ್ಲಿ ಕೂತ ಕೂಡಲೇ ನಾಚಿಕೆ ಕುತ್ತಿಗೆಗೆ ಏರಿ ಬರುತ್ತಿತ್ತು, ಕೈ ಪಾಡಿಗೆ ಕೈ ಹೊಲಿಯುತ್ತಿತ್ತು. ಖಾಲಿ ಅಂಗಿಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ನಾನೂ ನಂಬಿದ್ದೆ.

ಹೊಸ ಅಂಗಿಗಳು ಪೇಟೆಗೆ ಬಂದ ಮೇಲೆ ಊರಿನಲ್ಲಿ ಜನ ನೆಲ ನೋಡಿಕೊಂಡು ನಡೆಯತೊಡಗಿದರು. ಹೋಟೆಲಿನಲ್ಲಿ ಇನ್ನೊಂದು ಸೌಟು ಸಾರು ಕೇಳಲು ಸಂಕೋಚಪಟ್ಟು ಒಣ ಅನ್ನ ತಿಂದು ಏಳುತ್ತಿದ್ದರು. ಮದುಮಗನೊಬ್ಬ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂದು ಹಸೆಮಣೆಯಿಂದ ಎದ್ದುಹೋದ. ಪಂಚಾಯ್ತಿ ಸದಸ್ಯರೊಬ್ಬರು ಭಾಷಣದ ನಡುವೆ ತಟ್ಟನೆ ನಿಂತು, ಕುತ್ತಿಗೆ ಸವರಿಕೊಂಡು, "ನಾನ್ ಹೇಳ್ತಿರೋದೆಲ್ಲ ಸುಳ್ಳು ಅಲ್ವಾ," ಎಂದು ಮೈಕಿನಲ್ಲೇ ಕೇಳಿದರು. ಯಾರಿಗೂ ಇದು ಅಂಗಿಯ ಕೆಲಸವೆಂದು ಮೊದಲಿಗೆ ಹೊಳೆಯಲಿಲ್ಲ. ಖಾಲಿ ಅಂಗಿಯಲ್ಲವೇ? ಹಾಗಾಗಿ ಒಬ್ಬೊಬ್ಬರೂ ಕಾರಣವನ್ನು ತಮ್ಮೊಳಗೇ ಹುಡುಕಿದರು, ಹುಡುಕಿದರೆ ಯಾರಿಗೆ ಸಿಗುವುದಿಲ್ಲ? ಒಬ್ಬ ಪಕ್ಕದ ಮನೆಯ ಏಣಿ ವಾಪಸು ಕೊಟ್ಟ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅತ್ತು ಒಂದಾದರು. ಒಳ್ಳೆಯದೇ ಆಯಿತೆಂದು ನಾನು ಸಮಾಧಾನ ಹೇಳಿಕೊಂಡೆ. ಆದರೆ ಏನೂ ಮಾಡದವರು ಕೂಡ ಕದ ಹಾಕಿಕೊಂಡು ಕೂತಿದ್ದರು.

ನಂಜಪ್ಪನವರು ತೋಳು ಗಿಡ್ಡ ಮಾಡಿಸಲು ತಮ್ಮ ಹೊಸ ಅಂಗಿಯನ್ನು ಅಪ್ಪನ ಬಳಿ ಬಿಟ್ಟು ಹೋದರು. ಅಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ತೋಳಿನ ಉದ್ದ ನೋಡುತ್ತಿದ್ದವರು ಹಾಗೇ ಕೂತುಬಿಟ್ಟರು. ನಾನು ಕೆಲಸದಿಂದ ಬರುವವರೆಗೂ ಕೂತೇ ಇದ್ದರು.

"ಇದು ನಿನ್ ಕೈದಲ್ವೇನವ್ವ?"

"ಕಂಪ್ನಿದು ಅಪ್ಪ. ನೂರಾರು ಜನರ ಕೈ ಅದು."

"ಮಿಕ್ಕಿದ್ದು ಯಾರದಾದ್ರೂ ಆಗ್ಲಿ. ಕಾಲರ್ ನಿಂದು. ಏನಾಯ್ತವ್ವ ನಿಂಗೆ?"

"ಏನೂ ಇಲ್ಲ," ಎಂದು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದೆ. ಅಪ್ಪ ಮತ್ತೆ ಕೇಳಲಿಲ್ಲ. ಕೆಟ್ಟದ್ದನ್ನು ಬಾಯಿಗೆ ತರದೆ ಬದುಕಿದ ಮನೆ ನಮ್ಮದು, ಆ ಅಭ್ಯಾಸ ಯಾರಿಗೂ ಹೋಗಿರಲಿಲ್ಲ.

ಕಡೆಗೆ ಸುದ್ದಿ ಕಾರ್ಖಾನೆಗೂ ಮುಟ್ಟಿತು. ತಪ್ಪು ನಮ್ಮ ಸಾಲಿನ ಅಂಗಿಗಳಲ್ಲಿದೆ ಎಂದು ಗೊತ್ತಾಯಿತು. ಇನ್ನು ನನ್ನ ಸರದಿ ಎಂದುಕೊಂಡೆ. ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಾರೆ, ಕಾರಣ ಕೇಳುತ್ತಾರೆ, ನಾನು ಅದನ್ನು ಬಾಯಿ ಬಿಟ್ಟು ಹೇಳಬೇಕಾಗುತ್ತದೆ. ಕೆಲಸ ಹೋದರೆ ಹೋಗಲಿ, ಆ ಮಾತು ಹೇಳುವುದಕ್ಕಿಂತ ಕೆರೆಗೆ ಬೀಳುವುದು ಮೇಲು ಅನ್ನಿಸಿತ್ತು. ಆದರೆ ಅವತ್ತು ಮ್ಯಾನೇಜರ್ ನಗುನಗುತ್ತ ಬಂದು ನಮ್ಮ ಸಾಲಿನ ಮುಂದೆ ನಿಂತರು. ಊರಿನ ದೊಡ್ಡ ಶಾಲೆಯವರು ನಮ್ಮ ಅಂಗಿ ತೊಟ್ಟ ಮಕ್ಕಳು ಗಲಾಟೆ ಮಾಡುವುದಿಲ್ಲ ಎಂಬುದನ್ನು ಗಮನಿಸಿದ್ದಾರಂತೆ. ಎಲ್ಲ ಮಕ್ಕಳಿಗೂ ಸಮವಸ್ತ್ರ ಬೇಕು, ಇದೇ ಸಾಲಿನಲ್ಲಿ ಹೊಲಿದದ್ದೇ ಬೇಕು ಎಂದಿದ್ದಾರಂತೆ. "ಈ ಲೈನಿನಲ್ಲಿ ಯಾರನ್ನೂ ಬದಲಾಯಿಸಬೇಡಿ, ಏನನ್ನೂ ಬದಲಾಯಿಸಬೇಡಿ," ಎಂದು ಚೆಲುವರಾಜುವಿಗೆ ಹೇಳಿದರು. ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ನಾನು ಬದುಕಿದೆಯಾ ಬಡಜೀವವೇ ಎಂದುಕೊಂಡು ತಿಂದೆ. ತುಪ್ಪ ಚೆನ್ನಾಗಿ ಹಾಕಿದ್ದರು. ಇನ್ನೊಂದು ತುಂಡು ಕೇಳಿ ಚಂಪಾಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡೆ.

ಚಂಪಾ ಅದೇ ಶಾಲೆಗೆ ಹೋಗುತ್ತಾಳೆ. ಸಮವಸ್ತ್ರದ ಜೊತೆ ನನ್ನ ನಾಚಿಕೆಯೂ ಅವಳ ಮೈ ಏರುತ್ತದೆಂದು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಮೈಸೂರು ಪಾಕ್ ಬಾಯಲ್ಲಿದ್ದಾಗಲೇ ತಿಳಿದಿತ್ತು. ಮಕ್ಕಳಿಗೆ ಅಷ್ಟು ತಾಗಲಾರದು, ಆಟದಲ್ಲಿ ಮರೆತುಹೋದಾರು ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾರಗಳಲ್ಲಿ ಪುಟ್ಟ ಪುಟ್ಟ ಕಾಲರ್‌ಗಳನ್ನು ರಾಶಿಗಟ್ಟಲೆ ಹಚ್ಚಿದೆ. ಅವು ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ.

ಚಂಪಾಳದು ಅಜ್ಜಿಯ ಗಂಟಲು. ಅವಳು ಶಾಲೆಯಿಂದ ಬರುವುದು ಬೀದಿಯ ತುದಿಯಲ್ಲೇ ನಮಗೆ ಗೊತ್ತಾಗುತ್ತಿತ್ತು. ಹೊಸ ಅಂಗಿ ತೊಟ್ಟ ಮೇಲೆ ಯಾವಾಗ ಬಂದಳು, ಯಾವಾಗ ಒಳಗೆ ಸೇರಿದಳು ಎಂದೇ ತಿಳಿಯದಂತಾಯಿತು. ಹಸಿವಾದರೆ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಲ್ಲುವಳು. ಅವ್ವ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಾರದಿದ್ದುದನ್ನು ನೋಡಿ, "ಎಂಥ ಕೆಟ್ಟ ಕಣ್ಣೋ, ಅವರ ಮನೆ ಹಾಳಾಗ," ಎಂದು ಶಾಪ ಹಾಕಿದಳು. ನಾನು ಅಲ್ಲೇ ಕೂತು ಹುರುಳಿಕಾಯಿ ಮುರಿಯುತ್ತಿದ್ದೆ.

ಒಂದು ಮಧ್ಯಾಹ್ನ ಶಾಲೆಯಿಂದ ಹೇಳಿ ಕಳಿಸಿದರು. ಹೋದಾಗ ಚಂಪಾ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಲಂಗ ಒದ್ದೆಯಾಗಿತ್ತು. ಅವಳ ಟೀಚರು ಮರುಕದಿಂದಲೇ ಹೇಳಿದರು, "ಒಂದು ಕೈ ಎತ್ತಿದ್ದರೆ ಆಗಿತ್ತು. ನಾವೇನು ಹೋಗಬೇಡ ಅಂತೀವಾ? ಈಚೆಗೆ ಯಾವ ಮಗುವೂ ಏನನ್ನೂ ಕೇಳುವುದೇ ಇಲ್ಲ ನೋಡಿ."

ನಾನು ಮಗಳ ಹೆಗಲ ಮೇಲೆ ಕೈಯಿಟ್ಟೆ. ಅವಳು ನನ್ನ ಕಡೆ ತಿರುಗಲಿಲ್ಲ. ಖಾಲಿ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿ ತೋರಿಸಿದಳು.

"ನೀರ್ ಚೆಲ್ಲೋಯ್ತಮ್ಮ," ಎಂದಳು.

ಅವಳಿಗೆ ಪುಟ್ಟಗೌರಿಯ ವಿಷಯ ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ತಾನೇ ಯೋಚಿಸಿ, ತಾನೇ ತನ್ನ ಬಾಟಲಿಯನ್ನು ಕಾಲ ಮೇಲೆ ಸುರಿದುಕೊಂಡಿದ್ದಳು. ಅವಳನ್ನು ಎತ್ತಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಎದುರಾದ ಮಕ್ಕಳೆಲ್ಲ ಬೀದಿಯ ಅಂಚಿಗೆ ಸರಿದು ನಮಗೆ ದಾರಿ ಬಿಟ್ಟರು.

ಅವತ್ತು ಅವ್ವನಿಗೆ ಎಲ್ಲ ಹೇಳಿದೆ. ಬಿಲ್ಲೆ, ನಗು, ಸೀರೆ, ಮೈಸೂರು ಪಾಕ್, ಎಲ್ಲವನ್ನೂ. ಮೊದಲ ಮಾತು ಹೊರಡುವುದೇ ಕಷ್ಟವಾಯಿತು, ಆಮೇಲೆ ತಡೆಯಲು ಆಗಲಿಲ್ಲ. ಅವ್ವ ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಂಗೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. "ಬೆಳಿಗ್ಗಿಂದ ನೀರ್ ಕುಡೀದೆ ಕೆಲ್ಸ ಮಾಡ್ತಿದ್ಯಾ ಇಷ್ಟ್ ದಿನ?" ಎಂದು ಕೇಳಿದಳು. ಅಷ್ಟೆ. ಆಮೇಲೆ ಎದ್ದು, "ಏನೂಂದ್ರೆ, ಬ್ಲೇಡ್ ತನ್ನಿ," ಎಂದು ಅಪ್ಪನನ್ನು ಕೂಗಿದಳು.

ಅಪ್ಪ ಪಕ್ಕದ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಚಂಪಾಳ ಅಂಗಿಯ ಕಾಲರನ್ನು ಒಂದೊಂದೇ ಹೊಲಿಗೆ ಕತ್ತರಿಸಿ ಬಿಚ್ಚಿದರು. ತಿರುಗಿ ಹಚ್ಚಲು ಮಾತ್ರ ಒಪ್ಪಲಿಲ್ಲ. "ಇವತ್ ನನ್ ಕೈಯಲ್ಲಿ ಯಾರೂ ಹೊಲಿಸ್ಕೋಬಾರ್ದು," ಎಂದು ಜಗಲಿಗೆ ಹೋದರು. ಅವ್ವನೇ ಸೂಜಿ ದಾರ ಹಿಡಿದು ಸೊಟ್ಟಸೊಟ್ಟಗೆ ಹಚ್ಚಿದಳು. ಆ ಅಂಗಿ ತೊಟ್ಟು ಹೋದ ಚಂಪಾ ಮರುದಿನ ಹೆಡ್‌ಮಾಸ್ತರರನ್ನೇ ತಡೆದು, ಮಾತಾಡುವಾಗ ಮಕ್ಕಳ ಮುಖ ನೋಡಿ ಮಾತಾಡಬೇಕು ಎಂದು ಗದರಿಸಿದಳಂತೆ.

ನಾನು ಮ್ಯಾನೇಜರ್ ಹತ್ತಿರ ಹೋದೆ. ಆ ಸಮವಸ್ತ್ರಗಳನ್ನು ವಾಪಸು ತರಿಸಿ, ಕಾಲರ್ ಬಿಚ್ಚಿ ಹೊಲಿದು ಕೊಡೋಣ ಎಂದೆ. ಯಾಕೆ ಎಂದು ಕೇಳಿದರು. ಒಬ್ಬ ಗಂಡಸಿನ ಮುಂದೆ, ಕಿಟಕಿ ನೋಡಿಕೊಂಡು, ನಡೆದದ್ದನ್ನು ಹೇಳಿದೆ. ಅವರು ಅಪ್ಪ ಹೊಲಿದ ಅಂಗಿ ತೊಟ್ಟು ಹಗುರಾಗಿ ಕೂತಿದ್ದರು.

"ಹಾಗಾದರೆ ಅದು ನಿಮ್ಮ ಕೈಯೇನು?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಒಳ್ಳೆಯ ಕೈ. ಪುಂಡಲೀಕಪ್ಪನ ಮಗಳಲ್ಲವೇ, ಮತ್ತೆ! ನೋಡಿ ತಾಯಿ, ಈಗ ಮನೆಗೆಲಸದವರಿಗೆ, ಕಾವಲುಗಾರರಿಗೆ, ಆಸ್ಪತ್ರೆ ಆಯಾಗಳಿಗೆ, ಎಲ್ಲ ಕಡೆಯಿಂದ ಕೇಳುತ್ತಿದ್ದಾರೆ. ನಿಮ್ಮನ್ನು ಆ ಜಾಗದಿಂದ ಯಾರೂ ಕದಲಿಸುವುದಿಲ್ಲ."

"ಹಂಗಾದ್ರೆ ಬಿಲ್ಲೆ ತೆಗೆದುಬಿಡಿ ಸಾರ್. ಯಾರಿಗೆ ಹೋಗ್ಬೇಕೋ ಅವರು ಎದ್ದೋಗಿ ಬರ್ಲಿ."

ಅವರು ನಿಜವಾಗಿಯೂ ಯೋಚಿಸಿದರು. ಆಮೇಲೆ ಬೇಜಾರಿನಿಂದ ತಲೆಯಾಡಿಸಿದರು. "ಅದು ಹೋದರೆ ಇದೂ ಹೋಗುತ್ತಲ್ಲ ತಾಯಿ."

ನಾನು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಬ್ಲೇಡು, ಸೂಜಿ, ಬಿಳಿ ದಾರ ಒಂದು ಚೀಲಕ್ಕೆ ಹಾಕಿಕೊಂಡು ಶಾಲೆಯ ಮಕ್ಕಳ ಮನೆ ಮನೆಗೆ ಹೊರಟೆ. ಕಾರ್ಖಾನೆಗೆ ರಜೆಯಿದ್ದ ದಿನ ಪುಟ್ಟಗೌರಿಯೂ ಜೊತೆಗೆ ಬರುತ್ತಾಳೆ. ನಾನು ಬಿಚ್ಚುತ್ತೇನೆ, ತಿರುಗಿ ಹಚ್ಚುವುದು ಆ ಮನೆಯವರೇ. ಈ ಕೆಲಸವಾದರೂ ನನ್ನ ಮನಸ್ಸನ್ನು ಹಗುರ ಮಾಡೀತು ಎಂದುಕೊಂಡಿದ್ದೆ. ಇಲ್ಲ. ಸೀರೆ ಒದ್ದೆಯಾದ ನಾಚಿಕೆ ಹೇಗೋ ಕಡಿಮೆಯಾಯಿತು, ಅದು ನನ್ನದಲ್ಲವೆಂದು ಪುಟ್ಟಗೌರಿ ಬೈದು ಬೈದು ತಿಳಿಸಿದಳು. ಇನ್ನೊಂದು ಉಳಿದಿದೆ. ಊರಿನ ಮಕ್ಕಳೆಲ್ಲ ತಲೆ ತಗ್ಗಿಸಿ ನಡೆಯುವಾಗ ನಾನು ಹುರುಳಿಕಾಯಿ ಮುರಿಯುತ್ತ ಕೂತಿದ್ದೆ. ನನ್ನ ಮಗಳ ಲಂಗ ಒದ್ದೆಯಾಗದಿದ್ದರೆ ಇನ್ನೂ ಕೂತಿರುತ್ತಿದ್ದೆ. ಈ ನಾಚಿಕೆ ನನ್ನದೇ, ಇದನ್ನು ಬೇರೆ ಯಾರಿಗೂ ದಾಟಿಸಲು ಬರುವುದಿಲ್ಲ.

ಎಲ್ಲ ಮನೆಯವರೂ ಅಂಗಿ ಕೊಡುತ್ತಾರೆಂದೂ ಅಲ್ಲ. ನಿನ್ನೆ ಗಾಣದ ಬೀದಿಯ ಒಂದು ಮನೆಯಲ್ಲಿ, ಒಳ್ಳೆಯ ಹೆಂಗಸು, ಕೂರಲು ಮಣೆ ಹಾಕಿ ಮಜ್ಜಿಗೆ ಕೊಟ್ಟಳು. ಅಂಗಿಯ ಮಾತೆತ್ತಿದ ಕೂಡಲೇ ಮುಖ ಗಟ್ಟಿ ಮಾಡಿಕೊಂಡಳು.

"ಬ್ಯಾಡ ಕಣವ್ವ. ಮೊದ್ಲು ಏನ್ ತಂಟೆ, ಏನ್ ತಂಟೆ ಅಂತೀಯ ನನ್ ಮಗ! ಇದನ್ ಹಾಕ್ಕೊಂಡ್ ಮ್ಯಾಗೇ ಹೇಳ್ದಂಗ್ ಕೇಳ್ತಾ ಅವ್ನೆ. ಊಟಕ್ಕೂ ಹಟ ಇಲ್ಲ, ಆಟಕ್ಕೂ ಹಟ ಇಲ್ಲ. ಚೆನ್ನಾಗಿರೋದನ್ನ ಯಾಕ್ ಬಿಚ್ತೀಯ?"

ಮಗ ಅವಳ ಹಿಂದೆ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ. ಹತ್ತು ವರ್ಷವಿರಬಹುದು. ಶಾಲೆಗೆ ರಜೆಯಿದ್ದರೂ ಅದೇ ಅಂಗಿಯನ್ನು ತೊಟ್ಟಿದ್ದ, ಅವಳೇ ತೊಡಿಸಿರಬೇಕು. ನನಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. ಮಜ್ಜಿಗೆಯ ಲೋಟ ಕೆಳಗಿಟ್ಟು, ಮುಖ ಪರಿಚಯವೂ ಇಲ್ಲದ ಆ ಹೆಂಗಸಿಗೆ ಮೊದಲಿನಿಂದ ಹೇಳತೊಡಗಿದೆ. ಬಿಲ್ಲೆ ಕೇಳಿದೆ, ಕೊಡಲಿಲ್ಲ, ಕೂತಲ್ಲೇ ಉಚ್ಚೆ ಹೊಯ್ದುಕೊಂಡೆ, ಅದೇ ಕೈಯಲ್ಲಿ ನಿಮ್ಮ ಮಗನ ಅಂಗಿಗೆ ಕಾಲರ್ ಹಚ್ಚಿದೆ.

"ಥೂ, ಮಕ್ಕಳ ಮುಂದೆ ಇದೆಂಥ ಮಾತು!" ಎಂದು ಅವಳು ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು. "ಮಾನ ಮರ್ಯಾದೆ ಇಲ್ವಾ ನಿಂಗೆ?"

ನಾನು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಅವಳ ಸೆರಗಿನ ಹಿಂದಿನಿಂದ ಒಂದು ಸಣ್ಣ ಕೈ ಮುಂದೆ ಬಂತು. ಹುಡುಗ ಗುಂಡಿಗಳನ್ನು ಯಾವಾಗ ಬಿಚ್ಚಿಕೊಂಡನೋ, ಅಂಗಿಯನ್ನು ಮುದ್ದೆ ಮಾಡಿ ಹಿಡಿದು ನನ್ನತ್ತ ಚಾಚಿದ್ದ. ತಾಯಿ ಅವನ ತೋಳು ಹಿಡಿದು ಎಳೆದಳು. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ತಕ್ಕೊಳ್ಳಿ ಅಕ್ಕ," ಎಂದ. ಬರಿಮೈಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ತಲೆ ಎತ್ತಿ ಅವನನ್ನು ನೋಡಲು ಸ್ವಲ್ಪ ಹೊತ್ತು ಹಿಡಿಯಿತು.